ಅಜ್ಜಿಮನೆ ಬಳಗ: ಅತ್ತೆ ಹಾಕಿದ ಕೋಡಿಂಗ್ ಪಟ್ಟಿ

ಮೈಸೂರು ಅತ್ತೆ: "90 ದಿನದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ! 25 ಉಚಿತ ಕೋರ್ಸ್. ಎಲ್ಲರಿಗೂ ಕಳಿಸಿ." ನಮ್ಮ ಪುಟ್ಟಂಗೆ ಆಗತ್ತೆ, ಬಿಕಾಂ ಮುಗೀತಾ ಬಂತು.

ಬೆಂಗಳೂರು ಅಣ್ಣ: ಪಟ್ಟಿ ಮಾಡಿದ್ದು ಯಾರು ಅತ್ತೆ?

ಮೈಸೂರು ಅತ್ತೆ: ಭಜನೆ ಗುಂಪಲ್ಲಿ ಬಂತಪ್ಪ.

ಬೆಂಗಳೂರು ಅಣ್ಣ: ಕೊನೇವರೆಗೂ ಓದಿದ್ರಾ? 25ನೇ ಲಿಂಕ್ ಒತ್ತಿದ್ರೆ ಫೋನ್ ನಂಬರ್ ಕೇಳತ್ತೆ.

ಮೈಸೂರು ಅತ್ತೆ: ನಾನೇನು ಹಾಕಿದ್ರೂ ತಪ್ಪೇ. ಕಷಾಯದ್ದು ಹಾಕಿದಾಗ್ಲೂ ಹೀಗೇ ಅಂದೆ.

ದೊಡ್ಡಪ್ಪ: ಗುರು ಇಲ್ಲದೆ ವಿದ್ಯೆ ಹತ್ತಲ್ಲ. 1984ರಲ್ಲಿ ಟೈಪಿಂಗ್ ಕಲಿಯೋವಾಗ ಮೇಷ್ಟ್ರು ಪಕ್ಕದಲ್ಲೇ ನಿಂತು ಬೆರಳು ನೋಡ್ತಿದ್ರು. ವಾರಗಟ್ಟಲೆ ಎಡಗೈ ಬೆರಳಿನ ಎಎಸ್‌ಡಿಎಫ್ ಅಕ್ಷರ ಒಂದೇ.

ಹಾಸನ ಅಕ್ಕ: ಅಯ್ಯೋ, ಅಟ್ಟದ ಮೇಲಿದ್ದ ಆ ಟೈಪ್‌ರೈಟರ್! ಬೇಸಿಗೆ ರಜೇಲಿ ರಿಬ್ಬನ್ ಎಳೆದು ಎಲ್ಲರ ಕೈಯೂ ಕಪ್ಪು, ಮೇಲೆ ಹಲಸಿನ ಮೇಣ.

ಮಂಗಳೂರು ತಮ್ಮ: ಎಳೆದಿದ್ದು ಬೆಂಗಳೂರು ಅಣ್ಣ. ಒದೆ ತಿಂದಿದ್ದು ನಾನು.

ಬೆಂಗಳೂರು ಅಣ್ಣ: ಸಾಕ್ಷಿ?

ನಾನು: ಒಂದ್ನಿಮಿಷ ಎಲ್ಲರೂ ನಿಲ್ಲಿ. ಪುಟ್ಟ, ನೀನು ಓದು. 45,000 ಕಟ್ಟಿ ಒಂದು ಕೋಚಿಂಗ್‌ಗೆ ಹೋಗಿದ್ದೆ. ಮೂರು ತಿಂಗಳು ಸ್ಲೈಡ್ ನೋಡಿದೆ, ಒಂದು ಪ್ರೋಗ್ರಾಂ ಕೂಡ ಸ್ವಂತ ಬರೀಲಿಲ್ಲ. ಆ ದುಡ್ಡು ಅಪ್ಪ ಚೀಟಿ ಎತ್ತಿ ಕೊಟ್ಟಿದ್ದು, ಈಗಲೂ ಹೊಟ್ಟೆ ಉರಿಯತ್ತೆ. ದೊಡ್ಡಪ್ಪ ಹೇಳಿದ್ದು ಸರಿ, ಬೆರಳು ನೋಡೋರು ಬೇಕು. ಹಾರ್ವರ್ಡ್‌ನ ಡೇವಿಡ್ ಮಲಾನ್ ಅವರ ಸಿಎಸ್50 ಅಂತ ಆನ್‌ಲೈನ್ ಕೋರ್ಸ್ ಇದೆ, ಅದ್ರಲ್ಲಿ ಮೊದಲು ಸ್ಕ್ರ್ಯಾಚ್ (ಬಣ್ಣದ ತುಂಡು ಜೋಡಿಸಿ ಪ್ರೋಗ್ರಾಂ ಮಾಡೋದು), ಆಮೇಲೆ ಸಿ ಭಾಷೆ. ನೀನು ಬರೆದ ಕೋಡ್ ಎಲ್ಲಿ ಎಡವಿತು ಅಂತ ಅದರದ್ದೇ ಚೆಕ್50 ಅನ್ನೋ ಪ್ರೋಗ್ರಾಂ ಪರೀಕ್ಷೆ ಮಾಡಿ ತೋರಿಸತ್ತೆ. ಐಐಟಿಗಳು, ಐಐಎಸ್‌ಸಿ ಸೇರಿ ನಡೆಸೋ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಚೆನ್ನೈನ ಪ್ರೊ. ಮಾಧವನ್ ಮುಕುಂದ್ ಅವರ ಪೈಥಾನ್ ಭಾಷೆ ಕೋರ್ಸ್ ಇದೆ, 8 ವಾರ. ಪಾಠಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಪರೀಕ್ಷೆ ಶುಲ್ಕ. ಇಂಗ್ಲಿಷ್ ಕಷ್ಟ ಅನಿಸಿದ್ರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್, ಕನ್ನಡದಲ್ಲೂ ಪಾಠಗಳಿವೆ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಪಕ್ಕದಲ್ಲೇ ಮಾಡ್ಕೊಂಡು ಹೋಗೋದು. 25 ಬೇಡ ಕಣೋ. ಒಂದು ಹಿಡಿ, ಮುಗಿಸು.

ದೊಡ್ಡಪ್ಪ: ಪಕ್ಕದಲ್ಲೇ ಮಾಡ್ಕೊಂಡು ಹೋಗೋದು. ಇದು ವಿದ್ಯೆ.

ಪುಟ್ಟ: ಅಕ್ಕ, ಸಿಎಸ್50 ತೆಗೆದೆ. ಸಿಕ್ಕಿಹಾಕ್ಕೊಂಡ್ರೆ ರಾತ್ರಿ ಫೋನ್ ಮಾಡ್ಲಾ?

ನಾನು: ಒಂಬತ್ತರ ಮೇಲೆ ಮಾಡು. ಎರರ್ ಮೆಸೇಜ್ ಪೂರ್ತಿ ಓದಿ ಮಾಡು.

ಮೈಸೂರು ಅತ್ತೆ: ಅದು ನಾನು ಹಾಕಿದ ಪಟ್ಟೀಲೇ ಇತ್ತಲ್ಲ?

ಬೆಂಗಳೂರು ಅಣ್ಣ: ಇತ್ತು ಅತ್ತೆ. 7ನೇದು.

ಮಂಗಳೂರು ತಮ್ಮ: ರಿಬ್ಬನ್ ವಿಷಯ ಇನ್ನೂ ಮುಗಿದಿಲ್ಲ.