ಪದಚರ್ಚೆ: ಏಕಪಾತ್ರಾಭಿನಯವೋ, ಏಕವ್ಯಕ್ತಿ ನಾಟಕವೋ?

ಬಲ್ಲವರಿಗೆಲ್ಲ ನಮಸ್ಕಾರ.

ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಬರುವ ತಿಂಗಳು ರಂಗೋತ್ಸವ ಇಟ್ಟುಕೊಂಡಿದ್ದೇವೆ. ಒಂದೊಂದು ನಾಟಕಕ್ಕೂ ಒಬ್ಬೊಬ್ಬರೇ ನಟರು. ಮಕ್ಕಳೇ ಬರೆದದ್ದು, ಮಕ್ಕಳೇ ಆಡುವುದು. ಎಲ್ಲ ತಯಾರಾಗಿದೆ, ಉತ್ಸವಕ್ಕೆ ಹೆಸರೊಂದು ಬಿಟ್ಟು. ಪ್ರಾಂಶುಪಾಲರು ‘ಏಕಪಾತ್ರಾಭಿನಯ ಉತ್ಸವ’ ಎನ್ನುತ್ತಾರೆ. ನಾಟಕ ಕಲಿಸಲು ಬಂದಿರುವ ಹೆಗ್ಗೋಡಿನ ಕಡೆಯ ಯುವಕ ‘ಏಕವ್ಯಕ್ತಿ ರಂಗೋತ್ಸವ’ ಎಂದು ಪಟ್ಟು ಹಿಡಿದಿದ್ದಾನೆ. ಮಕ್ಕಳಿಗೆ ಎರಡೂ ಬೇಡ. ‘ಸಾರ್, ನನ್ನ ಮೋನೋ ಎಷ್ಟೊತ್ತಿಗೆ?’ ಎಂದು ಕೇಳುತ್ತಾರೆ, ಮುಗಿಯಿತು.

ಯುವಕನ ಆಕ್ಷೇಪಣೆ ತೀರಾ ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲೊಬ್ಬ ಎರಡನೇ ವರ್ಷದ ಬಿ.ಎ. ಹುಡುಗ ಅಡಿಕೆ ಮಂಡಿಯ ಕತೆ ಆಡುತ್ತಾನೆ. ಅವನ ಹತ್ತಿರ ಇರುವುದು ಒಂದೇ ಟವೆಲ್. ಅದು ಹೆಗಲ ಮೇಲಿದ್ದರೆ ಅವನು ತೀರ್ಥಹಳ್ಳಿ ಕಡೆಯ ಬೆಳೆಗಾರ, ತಲೆಗೆ ಸುತ್ತಿದರೆ ಹಮಾಲಿ, ಮಡಿಸಿ ಮೇಜಿನ ಮೇಲಿಟ್ಟು ಬೆರಳಿಗೆ ಎಂಜಲು ಹಚ್ಚಿ ಅಂಚು ತಿರುವಿದರೆ ಅದು ಸಾಹುಕಾರರ ಲೆಕ್ಕದ ಪುಸ್ತಕ. ‘ಗೌಡ್ರೇ, ಇದು ರಾಶಿ ಅಲ್ಲ, ಗೊರಬಲು’ ಎಂದು ಸಾಹುಕಾರರಾಗಿ ಹೇಳಿದವನು ಟವೆಲನ್ನು ಹೆಗಲಿಗೇರಿಸಿಕೊಂಡು ‘ಚೀಲ ಬಿಚ್ಚಿ ನೋಡದೆ ಗೊರಬಲು ಅಂತೀರಲ್ಲ ಸಾಹುಕಾರ್ರೆ’ ಎಂದು ತನಗೆ ತಾನೇ ಉತ್ತರ ಕೊಡುತ್ತಾನೆ. (ರಾಶಿ, ಗೊರಬಲು ಎರಡೂ ಅಡಿಕೆಯ ದರ್ಜೆಗಳು, ಗೊರಬಲಿಗೆ ಬೆಲೆ ಕಡಿಮೆ.) ‘ಇಷ್ಟು ಪಾತ್ರಗಳಿದ್ದೂ ಅದು ಏಕಪಾತ್ರ ಹೇಗಾಗುತ್ತದೆ ಸಾರ್? ವ್ಯಕ್ತಿ ಒಬ್ಬ, ಪಾತ್ರ ಹಲವು. ಅದಕ್ಕೇ ಏಕವ್ಯಕ್ತಿ’ ಎನ್ನುವುದು ಯುವಕನ ತರ್ಕ.

ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ‘ಪಾತ್ರ’ ಎಂಬ ಪದದ ಹಿಂದೆ ಹೋದರೆ ತರ್ಕ ಸ್ವಲ್ಪ ಅಲುಗಾಡುತ್ತದೆ. ಇಂದು ನಾವು ಪಾತ್ರ ಎಂದರೆ ನಟ ಹೊರುವ ವೇಷ, ಕತೆಯೊಳಗಿನ ಜನ ಎಂದುಕೊಳ್ಳುತ್ತೇವೆ. ಹಳೆಯ ಬಳಕೆಯಲ್ಲಿ ಪಾತ್ರವೆಂದರೆ ಆಡುವವರೇ. ನೃತ್ಯದ ಹಳೆಯ ಸಂಸ್ಕೃತ ಗ್ರಂಥ ‘ಅಭಿನಯದರ್ಪಣ’ದಲ್ಲಿ ಪಾತ್ರಲಕ್ಷಣ ಎಂದು ಹೇಳಿರುವುದು ನರ್ತಕಿಯ ಲಕ್ಷಣವನ್ನು: ಕಣ್ಣು ಹೇಗಿರಬೇಕು, ತಾಳದ ಮೇಲೆ ಹಿಡಿತ ಎಷ್ಟಿರಬೇಕು ಎಂದು. ಕನ್ನಡದಲ್ಲೂ ಗುಡಿಯಲ್ಲಿ ಕುಣಿಯುವವಳು ‘ಪಾತ್ರ’ವಾಗಿದ್ದಳು. ಅದೇ ಪದ ಜನರ ಬಾಯಲ್ಲಿ ‘ಪಾತರ’ವಾಗಿ, ಪಾತರದವಳಾಗಿ, ಪಾತರಗಿತ್ತಿಯಾಗಿ ಕೊನೆಗೆ ಚಿಟ್ಟೆಗೂ ಹೆಸರಾಯಿತು. (ಬೈಗುಳಕ್ಕೂ ಆಯಿತು. ಕುಣಿಯುವ ಹೆಂಗಸಿನ ಹೆಸರಿಗೆ ನಮ್ಮ ಸಮಾಜ ಕೊಟ್ಟ ಗತಿ ಅದು. ಈ ಮಾತು ಇನ್ನೊಮ್ಮೆ.) ಹಾಗಾಗಿ ಏಕಪಾತ್ರ ಎಂದರೆ ‘ಒಬ್ಬರೇ ಆಡುವವರು’ ಎಂದು ಹಳೆಯ ಅರ್ಥದಲ್ಲಿ ಹೇಳಲು ಅಡ್ಡಿಯಿಲ್ಲ. ತೆಲುಗಿನವರು ‘ಏಕಪಾತ್ರಾಭಿನಯಂ’ ಎನ್ನುತ್ತಾರೆ, ಮರಾಠಿಯವರು ‘ಏಕಪಾತ್ರೀ ಪ್ರಯೋಗ’ ಎನ್ನುತ್ತಾರೆ. ಪು.ಲ. ದೇಶಪಾಂಡೆಯವರು ಒಬ್ಬರೇ ನಿಂತು ಇಡೀ ವಠಾರದ ಜನರನ್ನು ಕಾಣಿಸಿದ ‘ಬಟಾಟ್ಯಾಚೀ ಚಾಳ’ವನ್ನು ಮರಾಠಿಯಲ್ಲಿ ಏಕಪಾತ್ರೀ ಎಂದೇ ಕರೆಯುವುದು. ಪಾತ್ರ ಹಲವಿವೆಯಲ್ಲ ಎಂದು ಅಲ್ಲಿ ಯಾರೂ ತಗಾದೆ ತೆಗೆದಂತಿಲ್ಲ.

ಹಾಗಿದ್ದೂ ಈ ಉತ್ಸವಕ್ಕೆ ಏಕಪಾತ್ರಾಭಿನಯ ಎಂದಿಡಲು ನನಗೂ ಮನಸ್ಸಿಲ್ಲ. ಕಾರಣ ವ್ಯುತ್ಪತ್ತಿಯಲ್ಲ, ರೂಢಿ. ನಮ್ಮ ಕಡೆ ಏಕಪಾತ್ರಾಭಿನಯ ಎಂದರೆ ವಾರ್ಷಿಕೋತ್ಸವದ ಸ್ಪರ್ಧೆ. ಚರ್ಚಾಸ್ಪರ್ಧೆ, ಮಿಮಿಕ್ರಿ, ಭಾವಗೀತೆ ಮುಗಿದ ಮೇಲೆ ಐದು ನಿಮಿಷಕ್ಕೆ ಗಂಟೆ ಬಾರಿಸಿ ಇಳಿಸುವ ಐಟಂ. ಒಬ್ಬ ಹುಡುಗ ದುರ್ಯೋಧನನಾಗಿ ಗದೆ ಹೊತ್ತು ಅಬ್ಬರಿಸುವುದು, ಒಬ್ಬ ಹುಡುಗಿ ಕಿತ್ತೂರು ಚೆನ್ನಮ್ಮನಾಗಿ ಕಪ್ಪ ಕೊಡಬೇಕೆ ಎಂದು ಗುಡುಗುವುದು. ಅಲ್ಲಿ ನಿಜವಾಗಿಯೂ ಪಾತ್ರವೂ ಒಂದೇ. ಅದಕ್ಕೆ ಆ ಪದ ಒಪ್ಪುತ್ತದೆ, ಅಲ್ಲೇ ಇರಲಿ. ಮುಕ್ಕಾಲು ಗಂಟೆ ಆಡುವ, ಕತೆ ಬೆಳೆಯುವ, ಬೆಳಕು ಸಂಗೀತ ಇರುವ ನಾಟಕವನ್ನು ಅದೇ ಹೆಸರಿನಿಂದ ಕರೆದರೆ ಜನ ಬಹುಮಾನ ಯಾರಿಗೆ ಬಂತು ಎಂದು ಕೇಳುತ್ತಾರೆ.

‘ಏಕವ್ಯಕ್ತಿ’ಗೆ ರಂಗದಲ್ಲಿ ಒಳ್ಳೆಯ ಬೆಂಬಲವಿದೆ. ಸಿ.ಆರ್. ಸಿಂಹ ಕೈಲಾಸಂ ಆಗಿ ರಂಗಕ್ಕೆ ಬಂದ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಬಗ್ಗೆ ಬರೆಯುವವರು ಏಕವ್ಯಕ್ತಿ ಎನ್ನುತ್ತಾರೆ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜೊತೆ ಸೇರಿ ಕಟ್ಟಿದ ಸ್ತ್ರೀವೇಷದ ಪ್ರಯೋಗಗಳಿಗೆ ‘ಏಕವ್ಯಕ್ತಿ ಯಕ್ಷಗಾನ’ ಎಂದೇ ಹೆಸರು ನಿಂತಿದೆ. ತೊಡಕೆಂದರೆ ‘ಏಕವ್ಯಕ್ತಿ ಪ್ರದರ್ಶನ’ ಎಂದು ಬರೆದ ಕೂಡಲೇ ಅರ್ಧ ಜನ ಚಿತ್ರಕಲೆ ಎಂದುಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಕಲಾವಿದರೊಬ್ಬರ ಚಿತ್ರಗಳನ್ನು ತೂಗುಹಾಕುವುದಕ್ಕೂ ಇದೇ ಮಾತು. ಆದ್ದರಿಂದ ‘ಪ್ರದರ್ಶನ’ ಬಿಟ್ಟು ‘ನಾಟಕ’ ಎನ್ನಬೇಕು. ಇನ್ನು ಏಕಾಂಕ ಬೇರೆಯದೇ: ಒಂದೇ ಅಂಕದ ನಾಟಕ, ನಟರು ಎಷ್ಟು ಮಂದಿ ಬೇಕಾದರೂ ಇರಬಹುದು. ಅದನ್ನು ಫ್ಲೆಕ್ಸಿನವರು ‘ಏಕಾಂಗಿ ನಾಟಕ’ ಮಾಡುತ್ತಾರೆ. ಬ್ಯಾನರಿನ ಕೆಳಗೆ ಹತ್ತು ಜನ ಸಾಲಾಗಿ ನಿಂತಿರುತ್ತಾರೆ.

ಸಂಸ್ಕೃತದ ಲಾಕ್ಷಣಿಕರ ಹತ್ತಿರ ಇದಕ್ಕೆ ತಯಾರಾದ ಹೆಸರೇ ಇತ್ತು: ಭಾಣ. ದಶರೂಪಕಗಳಲ್ಲಿ, ಎಂದರೆ ನಾಟಕದ ಹತ್ತು ಬಗೆಗಳಲ್ಲಿ, ಒಂದು. ಅಂಕವೂ ಒಂದೇ, ನಟನೂ ಒಬ್ಬನೇ. ವಿಟನೊಬ್ಬ ಬೀದಿಯಲ್ಲಿ ನಡೆಯುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ. ಸಿಕ್ಕವರು ಯಾರೂ ರಂಗದ ಮೇಲಿಲ್ಲ. ‘ಕಿಂ ಬ್ರವೀಷಿ?’ ಏನಂದೆ? ಎಂದು ಕಿವಿಗೊಟ್ಟು ಅವರ ಮಾತನ್ನು ತಾನೇ ತಿರುಗಿ ಹೇಳಿ ಉತ್ತರ ಕೊಡುತ್ತಾನೆ. ಇದು ಆಕಾಶಭಾಷಿತ. ಭಾಣವನ್ನು ನಾಟ್ಯಶಾಸ್ತ್ರ ‘ಏಕಹಾರ್ಯ’ ಎನ್ನುತ್ತದೆ, ಒಬ್ಬನೇ ನಡೆಸಬೇಕಾದದ್ದು ಎಂದು. ಭರತನಾಟ್ಯದವರು ಇವತ್ತು ‘ಏಕಾಹಾರ್ಯ’ ಎಂದು ದೀರ್ಘ ಎಳೆದು, ಆಹಾರ್ಯವೆಂದರೆ ವೇಷಭೂಷಣ, ಒಂದೇ ವೇಷದಲ್ಲಿ ಹಲವು ಪಾತ್ರ ತೋರಿಸುವುದು ಎಂದು ಬಿಡಿಸುತ್ತಾರೆ. ಒಂದು ದೀರ್ಘದಿಂದ ‘ಒಬ್ಬ ನಟ’ ಎಂಬುದು ‘ಒಂದು ವೇಷ’ ಎಂದಾಯಿತು. ಎರಡನೆಯದು ಪಾಠದೋಷವೋ ಬೇಕೆಂದೇ ಮಾಡಿಕೊಂಡ ಹೊಸ ಪದವೋ, ಸಂಸ್ಕೃತ ಬಲ್ಲವರು ಹೇಳಬೇಕು. ನಮ್ಮ ಟವೆಲ್ ಹುಡುಗನಿಗೆ ದೀರ್ಘ ಎಳೆದದ್ದೇ ಹೆಚ್ಚು ಒಪ್ಪುತ್ತದೆ. ಆದರೆ ಆಹ್ವಾನ ಪತ್ರಿಕೆಯಲ್ಲಿ ‘ಏಕಾಹಾರ್ಯೋತ್ಸವ’ ಎಂದು ಅಚ್ಚು ಹಾಕಿದರೆ ಊಟ ಒಂದೇ ಹೊತ್ತು ಎಂದು ತಿಳಿಯುವವರಿದ್ದಾರೆ.

ಕನ್ನಡದ್ದೇ ಪದ ಬೇಡವೆ ಎಂದು ಕನ್ನಡ ವಿಭಾಗದ ಹಿರಿಯರೊಬ್ಬರು ‘ಒಂಟಿ ನಾಟಕ’ ಸೂಚಿಸಿದರು. ‘ಒಂಟಿ’ಯಲ್ಲಿ ದಿಕ್ಕಿಲ್ಲದ ಛಾಯೆ ಇದೆ, ಒಂಟಿ ಸಲಗ ಎಂದರೆ ಮಲೆನಾಡಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನ ಆಸೆ ‘ಒಬ್ಬರಾಟ’. ಬಯಲಾಟ, ದೊಡ್ಡಾಟ, ಸಣ್ಣಾಟದ ಸಾಲಿಗೆ ಸಲೀಸಾಗಿ ಕೂರುತ್ತದೆ. ಘಟ್ಟದ ಮೇಲೂ ಕೆಳಗೂ ಯಕ್ಷಗಾನಕ್ಕೆ ‘ಆಟ’ ಎನ್ನುವುದೇ ವಾಡಿಕೆ. ಮಲಯಾಳದ ಕೂಡಿಯಾಟ್ಟಂ ಎಂದರೂ ಕೂಡಿ ಆಡುವ ಆಟವೇ. ಹಾಗಾದರೆ ಒಬ್ಬರೇ ಆಡಿದ್ದು ಒಬ್ಬರಾಟ. ಗಂಡು ಹೆಣ್ಣೆಂಬ ಭೇದವೂ ಬರುವುದಿಲ್ಲ. ಹಳೆಯ ಪದ ಹೊಸ ರಂಗಕ್ಕೆ ಒಗ್ಗುವುದಿಲ್ಲ ಎನ್ನುವವರಿಗೆ ‘ತಿರುಗಾಟ’ವನ್ನು ತೋರಿಸಬಹುದು. ಯಕ್ಷಗಾನ ಮೇಳದವರು ಊರೂರು ಸುತ್ತುವುದಕ್ಕಿದ್ದ ಮಾತನ್ನು ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ತನ್ನ ನಾಟಕ ತಂಡಕ್ಕೆ ಇಟ್ಟುಕೊಂಡಿತು. ಈಗ ತಿರುಗಾಟ ಎಂದರೆ ನಾಟಕ ನೋಡುವವರಿಗೆ ಮೊದಲು ಹೊಳೆಯುವುದು ಅದೇ.

ಆದರೆ ಒಬ್ಬರಾಟದಲ್ಲೂ ಮುಳ್ಳಿದೆ. ‘ಆ ಸಂಘದಲ್ಲಿ ಎಲ್ಲ ಅವರೊಬ್ಬರದೇ ಆಟ’ ಎನ್ನುವ ಮಾತು ನಮ್ಮಲ್ಲಿ ಬೇರೆಯದೇ ಅರ್ಥಕ್ಕೆ ಚಾಲ್ತಿಯಲ್ಲಿದೆ. ಪ್ರಾಂಶುಪಾಲರ ಹೆಸರು ಕೆಳಗೆ, ‘ಒಬ್ಬರಾಟ’ ಮೇಲೆ ದಪ್ಪಕ್ಷರದಲ್ಲಿ! ಸದ್ಯಕ್ಕೆ ‘ಏಕವ್ಯಕ್ತಿ ನಾಟಕೋತ್ಸವ’ ಎಂದು ಕರಡು ಮಾಡಿದ್ದೇನೆ. ‘ಏಕವ್ಯಕ್ತಿ’ ಎಂದು ಕೂಡಿಸಿಯೇ ಬರೆದಿದ್ದೇನೆ, ಸಮಾಸವಾದ್ದರಿಂದ ಬಿಡಿಸುವುದು ಸರಿಯಲ್ಲ.

ಕೇಳಬೇಕಾದ ಪ್ರಶ್ನೆಗಳು ಎರಡು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಕಾಲೇಜುಗಳಲ್ಲಿ ಇದಕ್ಕೆ ಏನೆನ್ನುತ್ತೀರಿ? ಸ್ಪರ್ಧೆಯ ಐದು ನಿಮಿಷಕ್ಕೂ ಪೂರ್ಣ ನಾಟಕಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದ್ದೀರಾ, ಅಥವಾ ಎರಡಕ್ಕೂ ಒಂದೇ ಪದವೋ?

ಇನ್ನೊಂದು ಪ್ರಶ್ನೆಗೆ ನನಗೆ ಯಾವ ನಿಘಂಟಿನಲ್ಲೂ ಉತ್ತರ ಸಿಕ್ಕಿಲ್ಲ. ಒಬ್ಬರೇ ಆಡುವಾಗ ಎದುರಿಗೆ ಇದ್ದಾರೆಂದು ಭಾವಿಸಿಕೊಳ್ಳುವ ಆ ಕಾಣದ ಮನುಷ್ಯನಿಗೆ ಏನೆನ್ನಬೇಕು? ಆಕಾಶಭಾಷಿತ ಎಂಬುದು ಮಾತಿಗೆ ಹೆಸರು, ಮಾತಾಡಿಸಿಕೊಂಡವನಿಗಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಾದರೆ ಎದುರಿಗೆ ಇನ್ನೊಬ್ಬ ಅರ್ಥಧಾರಿ (ಮಾತಾಡುವ ಕಲಾವಿದ) ಕೂತಿರುತ್ತಾರೆ, ಕಷ್ಟವಿಲ್ಲ. ತಾಲೀಮಿನಲ್ಲಿ ನಮ್ಮ ಯುವಕ ‘ಎದುರಿನವರ ಕಣ್ಣು ಎಲ್ಲಿದೆ ನೋಡ್ಕೋ, ಸಾಹುಕಾರ್ರು ಕೂತಿದಾರೆ, ನೀನು ಗೋಡೆ ನೋಡ್ತಿದೀಯ’ ಎಂದು ಕೂಗುತ್ತಿರುತ್ತಾನೆ. ‘ಎದುರಿನವರು’ ಎಂಬುದು ಬಾಯಿಮಾತಿಗೆ ಸಾಕು. ಆದರೆ ಮಕ್ಕಳಿಗೆ ಟಿಪ್ಪಣಿ ಬರೆಸುವಾಗ ಪ್ರೇಕ್ಷಕರೂ ಎದುರಿನವರೇ ಆಗಿಬಿಡುತ್ತಾರೆ, ಗೊಂದಲವಾಗುತ್ತದೆ. ರಂಗಭೂಮಿಯಲ್ಲೋ ಮೇಳದಲ್ಲೋ ಹರಿಕಥೆಯಲ್ಲೋ ಇದಕ್ಕೆ ಬಳಕೆಯ ಪದವೊಂದು ಇದ್ದರೆ ದಯವಿಟ್ಟು ತಿಳಿಸಿ.