ಸಹಾಯ ಬೇಕು: ಲೋಕಲ್ ಗಾಡಿಯಲ್ಲೇ ಶುಗರ್ ಇಳಿಯುತ್ತದೆ

ನಮಸ್ಕಾರ. ಡೊಂಬಿವಲಿಯವನು, ವಯಸ್ಸು 52, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಆಫೀಸು, ಲೋಕಲ್ ರೈಲಿನಲ್ಲೇ ಓಡಾಟ. ಈ ತಿಂಗಳು ಮೂರು ಸಲ ಗಾಡಿಯಲ್ಲೇ ಶುಗರ್ ಇಳಿಯಿತು. ಕೈ ನಡುಕ, ಮೈಯೆಲ್ಲ ಬೆವರು. ಮುಂಬೈ ಸೆಕೆಗೆ ಎಲ್ಲರೂ ಬೆವರುತ್ತಾರೆ, ಯಾರಿಗೆ ಗೊತ್ತಾಗಬೇಕು! ಮೊನ್ನೆ ದಾರಿಯಲ್ಲಿ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಇಳಿದು ಟೆಸ್ಟ್ ಮಾಡಿ ನೋಡಿದರೆ ಶುಗರ್ 58.

70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್, ಅದು ಗೊತ್ತು. ಆದರೆ ಆ ಗರ್ದಿಯಲ್ಲಿ ಬ್ಯಾಗಿಗೆ ಕೈ ಹಾಕುವುದೇ ಕಷ್ಟ. ಈಗ ಹೆದರಿಕೆಗೆ ಮನೆಯಲ್ಲೇ ಜಾಸ್ತಿ ತಿಂದು ಹೊರಡುತ್ತೇನೆ. ಆಫೀಸು ಮುಟ್ಟುವಾಗ 250! ಹೆಂಡತಿ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾಳೆ.

ಡೋಸ್ ವಿಷಯ ಡಾಕ್ಟರ ಹತ್ತಿರವೇ ಕೇಳುತ್ತೇನೆ. ತೋಳಿಗೆ ಅಂಟಿಸುವ, ಶುಗರ್ ನೋಡುತ್ತಲೇ ಇರುವ ಸೆನ್ಸರ್ ಯಾರಾದರೂ ಬಳಸುತ್ತಿದ್ದೀರಾ? ಬೆವರಿಗೆ ಕಿತ್ತು ಬರುವುದಿಲ್ಲವಾ? ಗಾಡಿಯ ಗದ್ದಲದಲ್ಲಿ ಅಲಾರಂ ಕೇಳಿಸುತ್ತದೆಯಾ? ತಿಂಗಳಿಗೆ ಖರ್ಚೆಷ್ಟು?