ಪೈ ಎಲ್ಲಿಂದ ಬಂತು ಅಂತ ಮಗಳಿಗೆ ಹೇಗೆ ಹೇಳಿಕೊಡೋದು?

ಪ್ರಶ್ನೆ: ಮಗಳು ಏಳನೇ ಕ್ಲಾಸು. ವೃತ್ತದ ಪರಿಧಿಯ ಸೂತ್ರ ಬಾಯಿಪಾಠ ಇದೆ, ಲೆಕ್ಕವನ್ನೂ ಮಾಡುತ್ತಾಳೆ. ಆದರೆ “ಈ 3.14 ಎಲ್ಲಿಂದ ಬಂತು? ಒಮ್ಮೆ 22/7 ಅಂತಾರೆ, ಇನ್ನೊಮ್ಮೆ 3.14 ಅಂತಾರೆ, ಯಾವುದು ಸರಿ?” ಎಂದು ಕೇಳುತ್ತಾಳೆ. ಮಕ್ಕಳಿಗೆ ಹೇಳಿಕೊಟ್ಟು ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಅಕ್ಕ, ಸೂತ್ರ ಪಕ್ಕಕ್ಕಿಟ್ಟು ಬಳೆಯಿಂದ ಶುರು ಮಾಡಿ. ಅಂಗಡಿಯಲ್ಲಿ 2-4, 2-6, 2-8 ಅಂತ ಸೈಜು ಕೇಳ್ತಾರಲ್ಲ, ಅದು ಬಳೆಯ ಒಳಗಿನ ವ್ಯಾಸ. 2-4 ಅಂದರೆ ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರು ಭಾಗದಲ್ಲಿ ನಾಲ್ಕು. ಕಾಗದದ ಪಟ್ಟಿಯನ್ನು ಬಳೆಯ ಒಳಮೈಗೆ ಒತ್ತಿ ಸುತ್ತಿಸಿ. ತುದಿ ಬಂದು ಮುಟ್ಟುವ ಕಡೆ ಗುರುತು ಹಾಕಿ, ಬಿಡಿಸಿ ಅಳೆಯಿರಿ. 2-4ಕ್ಕೆ ಹೆಚ್ಚುಕಮ್ಮಿ 18 ಸೆಂ.ಮೀ., 2-6ಕ್ಕೆ 19, 2-8ಕ್ಕೆ 20 ಬರುತ್ತದೆ. ವ್ಯಾಸವನ್ನೂ ಸೆಂ.ಮೀ.ನಲ್ಲೇ ಅಳೆದು, ಸುತ್ತಳತೆಯನ್ನು ಅದರಿಂದ ಭಾಗಿಸಲು ಅವಳಿಗೇ ಬಿಡಿ. ಬಳೆ ಯಾವುದಾದರೂ ಉತ್ತರ ಮೂರಕ್ಕಿಂತ ಸ್ವಲ್ಪ ಜಾಸ್ತಿ, ಅದೇ ಪೈ. ನಮ್ಮ ಮನೆಯಲ್ಲಿ ಆಮೇಲೆ ಡಬ್ಬಿ ಮುಚ್ಚಳ, ತಟ್ಟೆ ಒಂದನ್ನೂ ಬಿಡಲಿಲ್ಲ! ನೂಲು ಮಾತ್ರ ಬೇಡ, ಎಳೆದರೆ ಹಿಗ್ಗುತ್ತದೆ.

ಉತ್ತರ 2: ಬಳೆಯ ಅಳತೆ ಚೆನ್ನಾಗಿದೆ. ಆದರೆ ಮೂರಕ್ಕಿಂತ ಜಾಸ್ತಿ ಯಾಕೆ ಅನ್ನೋದು ಅಳತೆಯಿಂದ ತಿಳಿಯುವುದಿಲ್ಲ. ಅದಕ್ಕೆ ನಾನು ತರಗತಿಯಲ್ಲಿ ಕೈವಾರ ಕೊಡುತ್ತೇನೆ. ವೃತ್ತ ಬರೆದು, ಕೈವಾರದ ಅಗಲ ಬದಲಿಸದೆ ಪರಿಧಿಯ ಮೇಲೆ ಒಂದಾದ ಮೇಲೊಂದು ಗುರುತು ಹಾಕಿಸಿ. ಸರಿಯಾಗಿ ಆರು ಗುರುತಿಗೆ ಸುತ್ತು ಮುಗಿಯುತ್ತದೆ. ಅವನ್ನು ನೇರ ಗೆರೆಗಳಿಂದ ಸೇರಿಸಿದರೆ ಆರು ಬಾಹುಗಳು, ಪ್ರತಿಯೊಂದೂ ತ್ರಿಜ್ಯದಷ್ಟೇ ಉದ್ದ. ಆರು ತ್ರಿಜ್ಯ ಅಂದರೆ ಮೂರು ವ್ಯಾಸ. ಆದರೆ ವೃತ್ತ ಗೆರೆಯ ಮೇಲೆ ಹೋಗದೆ ಹೊರಗಿನಿಂದ ಬಾಗಿ ಹೋಗುತ್ತದೆ, ಹಾಗಾಗಿ ಮೂರಕ್ಕಿಂತ ಜಾಸ್ತಿ ಆಗಲೇಬೇಕು. ಈಗ ವೃತ್ತವನ್ನು ಮುಟ್ಟುವಂತೆ ಹೊರಗೊಂದು ಚೌಕ ಬರೆಸಿ. ಅದರ ಸುತ್ತಳತೆ ನಾಲ್ಕು ವ್ಯಾಸ. ಪರಿಧಿ ಅದಕ್ಕಿಂತ ಕಡಿಮೆ. ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಇದೇ ದಾರಿಯಲ್ಲಿ 96 ಬಾಹುಗಳವರೆಗೆ ಹೋದ. ಪೈ 3 10/71ಕ್ಕಿಂತ ಹೆಚ್ಚು, 3 1/7ಕ್ಕಿಂತ ಕಡಿಮೆ ಎಂದು ತೋರಿಸಿದ. ಆ 3 1/7 ಅನ್ನೋದೇ ನಮ್ಮ 22/7. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು!

ಉತ್ತರ 3: 22/7, 3.14 ಎರಡೂ ಹತ್ತಿರದ ಬೆಲೆಗಳೇ. ಪೈ 3.14159265… ಎಂದು ಹೋಗುತ್ತಲೇ ಇರುತ್ತದೆ. 22/7 ಚೂರು ಜಾಸ್ತಿ, 3.14 ಚೂರು ಕಡಿಮೆ. 1 ಕಿಲೋಮೀಟರ್ ಸುತ್ತಳತೆಯ ಕೆರೆಗೆ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 40 ಸೆಂ.ಮೀ. ಹೆಚ್ಚು ತೋರಿಸುತ್ತದೆ, ಎರಡನೆಯದು 50 ಸೆಂ.ಮೀ. ಕಡಿಮೆ. ವ್ಯಾಸ 14, 21, 35 ಇದ್ದರೆ 22/7 ಹಿಡಿಯಲಿ, ಏಳು ಹೊಡೆದುಹೋಗುತ್ತದೆ. ಆರ್ಯಭಟನ ಲೆಕ್ಕವನ್ನೂ ಹೇಳಿ. 499ರಲ್ಲೇ ಆತ, ವ್ಯಾಸ 20,000 ಇದ್ದರೆ ಪರಿಧಿ 62,832 ಎಂದ. ಅಂದರೆ 3.1416! ಇದು ಹತ್ತಿರದ ಬೆಲೆ ಎಂದೂ ಆತನೇ ಹೇಳಿದ್ದಾನೆ. ಯಾವ ಭಿನ್ನರಾಶಿಯೂ ಪೈಗೆ ಸರಿಸಮ ಆಗದು ಎಂದು ಹದಿನೆಂಟನೇ ಶತಮಾನದಲ್ಲಿ ಲ್ಯಾಂಬರ್ಟ್ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ.

ಉತ್ತರ 4: ಮುಂದೆ ವಿಸ್ತೀರ್ಣದ ಪಾಠ ಬಂದಾಗ ಎರಡು ಸೂತ್ರಗಳೂ ಕಲಸಿಹೋಗುತ್ತವೆ, ಈಗಲೇ ಒಂದು ಮಾತು ಹೇಳಿಡಿ. ಪರಿಧಿ ಬರೀ ಉದ್ದ, ಅದರಲ್ಲಿ ತ್ರಿಜ್ಯ ಒಂದೇ ಸಲ ಬರುತ್ತದೆ. ವಿಸ್ತೀರ್ಣದಲ್ಲಿ ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಬೇಕು, ಉತ್ತರ ಚದರ ಸೆಂ.ಮೀ.ನಲ್ಲಿ ಬರುತ್ತದೆ.